ಯಂತ್ರ ಕೆಟ್ಟಿಲ್ಲ, ಗಡುವು ಮುಗಿದಿದೆ

ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಭದ್ರತಾ ಪರಿಷ್ಕರಣೆಗಳನ್ನು ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ಅದರ ಮರುದಿನ ಯಾವ ಗಣಕಯಂತ್ರವೂ ಸ್ತಬ್ಧವಾಗಲಿಲ್ಲ. ಪರದೆ ಬೆಳಗಿತು, ಕಡತಗಳು ತೆರೆದುಕೊಂಡವು, ಮುದ್ರಣವೂ ನಡೆಯಿತು. ಆದ್ದರಿಂದಲೇ ಈ ಬದಲಾವಣೆಗೆ ಸಿಗಬೇಕಾದಷ್ಟು ಸಾರ್ವಜನಿಕ ಗಮನ ಸಿಕ್ಕಿಲ್ಲ. ಕೆಟ್ಟ ಯಂತ್ರವನ್ನು ಬದಲಾಯಿಸುವುದು ಒಂದು ವಿಚಾರ. ಕೆಡದ ಯಂತ್ರವನ್ನು ಬದಲಾಯಿಸಬೇಕಾಗಿ ಬರುವುದು ಬೇರೆಯೇ ವಿಚಾರ.

ನಾನು ವಾಸಿಸುವ ಮೈಸೂರಿನ ಚಾಮರಾಜಪುರಂನಲ್ಲಿ ನಿವೃತ್ತರ ಮನೆಗಳು ಬಹಳ. ವಿದೇಶದಲ್ಲಿರುವ ಮಕ್ಕಳೊಡನೆ ಮಾತನಾಡಲು, ಬ್ಯಾಂಕಿನ ಲೆಕ್ಕ ನೋಡಲು, ಆದಾಯ ತೆರಿಗೆ ವಿವರ ಸಲ್ಲಿಸಲು ಇವರಿಗೆ ಏಳೆಂಟು ವರ್ಷಗಳ ಹಿಂದೆ ಕೊಂಡ ಯಂತ್ರವೇ ಧಾರಾಳವಾಗಿ ಸಾಕು. ಆದರೆ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಸಂಸ್ಕಾರಕವಾದರೆ ಬಹುಮಟ್ಟಿಗೆ 2017ರಲ್ಲಿ ಬಂದ ಎಂಟನೇ ಪೀಳಿಗೆಯದೋ ಅದಕ್ಕಿಂತ ಹೊಸದೋ ಆಗಿರಬೇಕು. ಈ ಶರತ್ತು ಪೂರೈಸದ ಯಂತ್ರದ ಮಾಲೀಕರಿಗೆ ಅಂಗಡಿಯವರು ಕೊಡುವ ಸಲಹೆ ಒಂದೇ: ‘ಹೊಸದು ತಗೊಂಡುಬಿಡಿ ಸಾರ್.’ ಪಿಂಚಣಿಯಲ್ಲಿ ಬದುಕುವವರಿಗೆ ಇದು ಸಣ್ಣ ಖರ್ಚಲ್ಲ.

ಸಂಸ್ಥೆಯ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವನ್ನೇ ಅಸ್ತವ್ಯಸ್ತಗೊಳಿಸಿತು. ಅದನ್ನು ತಡೆಯುವ ಪರಿಷ್ಕರಣೆ ಎರಡು ತಿಂಗಳು ಮೊದಲೇ ಸಿದ್ಧವಿತ್ತು. ಅದನ್ನು ಅಳವಡಿಸಿಕೊಳ್ಳದ ಯಂತ್ರಗಳು ಬಲಿಯಾದವು. ಅಂದಮೇಲೆ ಭದ್ರತೆ ಅನಿವಾರ್ಯ. ಚರ್ಚೆ ಇರುವುದು ಆ ಭದ್ರತೆಯ ವೆಚ್ಚವನ್ನು ಯಾರು ಹೊರಬೇಕು ಎಂಬುದರ ಬಗ್ಗೆ.

ಇಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯ ಕಣ್ಣಿಗೆ ಬೀಳುವ ಒಂದು ಕುತೂಹಲಕರ ಸಂಗತಿಯಿದೆ. ಗಡುವು ಮುಗಿದ ಬಳಿಕವೂ ವಿಂಡೋಸ್ 10ಕ್ಕೆ ಪರಿಷ್ಕರಣೆಗಳು ತಯಾರಾಗುತ್ತಲೇ ಇವೆ. ಸಂಸ್ಥೆಯೇ ಪ್ರಕಟಿಸಿದ ದರದಂತೆ ವಾಣಿಜ್ಯ ಬಳಕೆದಾರರು ಪ್ರತಿ ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಎರಡನೆಯ ವರ್ಷ 122, ಮೂರನೆಯ ವರ್ಷ 244 ಡಾಲರ್ ತೆರಬೇಕು. ಒಟ್ಟು 427 ಡಾಲರ್. ಶಾಲಾ ಕಾಲೇಜುಗಳಿಗೆ ಅದೇ ಸೇವೆ ಕ್ರಮವಾಗಿ 1, 2 ಮತ್ತು 4 ಡಾಲರಿಗೆ ದೊರೆಯುತ್ತದೆ. ಒಟ್ಟು 7 ಡಾಲರ್. ಮನೆಬಳಕೆಯ ಯಂತ್ರಗಳಿಗೆ ಒಂದು ವರ್ಷದ ವಿಸ್ತರಣೆಗೆ 30 ಡಾಲರ್ ದರವನ್ನು ಪ್ರಕಟಿಸಲಾಯಿತು. ಯಂತ್ರದ ಸಿದ್ಧತೆಗಳನ್ನು ಸಂಸ್ಥೆಯ ಖಾತೆಗೆ ಜೋಡಿಸಿದರೆ ಅದೂ ಬೇಡವೆಂದಿತು.

ಒಂದೇ ಸರಕಿಗೆ ಇಷ್ಟು ದರಗಳಿದ್ದರೆ ಅದನ್ನು ನಾವು ಬೆಲೆ ತಾರತಮ್ಯ ಎನ್ನುತ್ತೇವೆ. ಒಮ್ಮೆ ಸಿದ್ಧವಾದ ಪರಿಷ್ಕರಣೆಯನ್ನು ಇನ್ನೊಂದು ಯಂತ್ರಕ್ಕೆ ತಲುಪಿಸುವ ವೆಚ್ಚ ಶೂನ್ಯಕ್ಕೆ ಸಮೀಪ. ಹೀಗಿರುವಾಗ ಬೆಲೆ ನಿರ್ಧಾರವಾಗುವುದು ಉತ್ಪಾದನಾ ವೆಚ್ಚದಿಂದಲ್ಲ, ಕೊಳ್ಳುವವನಿಗೆ ಬೇರೆ ದಾರಿ ಎಷ್ಟಿದೆ ಎಂಬುದರಿಂದ. ಬಾಳಿಕೆ ಬರುವ ಸರಕನ್ನು ಮಾರುವ ಏಕಸ್ವಾಮ್ಯದ ಸಂಸ್ಥೆಗೆ ತಾನೇ ಹಿಂದೆ ಮಾರಿದ ಸರಕೂ ಪ್ರತಿಸ್ಪರ್ಧಿಯಾಗುತ್ತದೆ. ಬಾಳಿಕೆಯನ್ನು ತಗ್ಗಿಸುವುದು ಅದರಿಂದ ಪಾರಾಗುವ ಒಂದು ಉಪಾಯ ಎಂಬ ವಿಚಾರ ರೊನಾಲ್ಡ್ ಕೋಸ್ 1972ರಲ್ಲಿ ಬರೆದ ಪ್ರಬಂಧದಷ್ಟು ಹಳೆಯದು. ತಂತ್ರಾಂಶ ಸವೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಅದರ ಬಾಳಿಕೆಯನ್ನು ತಗ್ಗಿಸಲು ದಿನಾಂಕವೊಂದು ಸಾಕು.

ಕನ್ನಡಿಗರಿಗೆ ಇದರ ಜೊತೆಗೆ ಇನ್ನೊಂದು ತೆರಿಗೆಯೂ ಇದೆ. ವಿಂಡೋಸ್ 98ರಲ್ಲಿ ಕನ್ನಡಕ್ಕೆ ಸ್ಥಾನವಿರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಅಕ್ಷರಶೈಲಿ ಬಂದರೂ ಕಚೇರಿಗಳೂ ಮುದ್ರಣಾಲಯಗಳೂ ಬಹುಕಾಲ ಹಳೆಯ ವಿಧಾನವನ್ನೇ ನೆಚ್ಚಿಕೊಂಡವು. ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುವುದೇ ಆ ವಿಧಾನ. ‘ಬರಹ’ ಮತ್ತು ‘ನುಡಿ’ಯಂಥ ತಂತ್ರಾಂಶಗಳು ಆ ಕಾಲದಲ್ಲಿ ಭಾಷೆಗೆ ಮಾಡಿದ ಉಪಕಾರ ದೊಡ್ಡದು. ಆದರೆ ಹಾಗೆ ಉಳಿಸಿದ ಕಡತವನ್ನು ಅದೇ ಅಕ್ಷರಶೈಲಿಯಿಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ, ನಿಜ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡದ ಗೋಜಲಾಗಿ ಬದಲಾಗುವುದುಂಟು. ಪ್ರತಿ ಪುಟವನ್ನೂ ಮನುಷ್ಯರೇ ಕೂತು ತಿದ್ದಬೇಕು. ವಿಂಡೋಸ್ 11 ಕೇವಲ 64 ಬಿಟ್ ವ್ಯವಸ್ಥೆಯಾದ್ದರಿಂದ ಅತಿ ಹಳೆಯ 16 ಬಿಟ್ ತಂತ್ರಾಂಶಗಳು ಅದರಲ್ಲಿ ನೇರವಾಗಿ ನಡೆಯುವುದೂ ಇಲ್ಲ.

ಸೇವೆಯಲ್ಲಿದ್ದಾಗ ನಾನು ಕಂಡಂತೆ, ಕಚೇರಿಯಲ್ಲಿ ಯಂತ್ರ ಬದಲಾದಾಗ ಜಡವಸ್ತು ದಾಸ್ತಾನು ವಹಿಯಲ್ಲಿ ಯಂತ್ರದ ನಮೂದಾಗುತ್ತದೆ. ಅದರೊಳಗಿನ ಕಡತಗಳು ಯಾವ ವಹಿಯಲ್ಲೂ ಇರುವುದಿಲ್ಲ. ನಡಾವಳಿ, ಟಿಪ್ಪಣಿ, ಫಲಾನುಭವಿಗಳ ಪಟ್ಟಿ, ಸೇವಾ ವಿವರ ಎಲ್ಲವೂ ‘ಹಳೇ ಸಿಸ್ಟಂನಲ್ಲಿತ್ತು’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತವೆ. ಇದು ಬರೀ ಕಚೇರಿಯ ತಾಪತ್ರಯವಲ್ಲ. ಇಪ್ಪತ್ತು ವರ್ಷದ ಹಿಂದಿನ ಆದೇಶವನ್ನು ಆಧರಿಸಿ ಹಕ್ಕು ಕೇಳುವ ವಿಧವೆಗೆ ಅಥವಾ ರೈತನಿಗೆ ಆ ಕಡತವೇ ಆಸ್ತಿ.

ಚಾಮರಾಜಪುರಂನಿಂದ ಅಷ್ಟೇನೂ ದೂರವಿಲ್ಲದ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಗ್ರಂಥ ಲಿಪಿಯಲ್ಲಿದ್ದ ಆ ಪ್ರತಿಯನ್ನು ಅವರು ಓದಲು ಸಾಧ್ಯವಾದುದು ಲಿಪಿ ಯಾರೊಬ್ಬರ ಖಾಸಗಿ ಸ್ವತ್ತಾಗಿರದ ಕಾರಣದಿಂದ. ಸಾರ್ವಜನಿಕ ದಾಖಲೆಗೆ ಬೇಕಾದ ಮೊದಲ ಗುಣ ಇದೇ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಕಚೇರಿಯ ಯಂತ್ರವನ್ನು ವಿಲೇವಾರಿ ಮಾಡುವ ಮುನ್ನ ಅದರಲ್ಲಿನ ಕನ್ನಡ ಕಡತಗಳು ಯೂನಿಕೋಡ್‌ಗೆ ಪರಿವರ್ತನೆಯಾಗಿವೆಯೆಂದು ಅಧಿಕಾರಿಯೊಬ್ಬರು ದೃಢೀಕರಿಸಬೇಕು. ಇದಕ್ಕೆ ಹೊಸ ಕಾನೂನು ಬೇಡ, ಒಂದು ಸುತ್ತೋಲೆ ಸಾಕು.

ಎರಡನೆಯದಾಗಿ, ಔಷಧದ ಮೇಲೆ ಅವಧಿ ಮುಗಿಯುವ ದಿನಾಂಕವಿರುವಂತೆ, ತಂತ್ರಾಂಶಕ್ಕೆ ಎಂದಿನವರೆಗೆ ಭದ್ರತಾ ಬೆಂಬಲವಿದೆಯೆಂಬುದನ್ನು ಯಂತ್ರದ ಪೆಟ್ಟಿಗೆಯ ಮೇಲೆಯೇ ನಮೂದಿಸಬೇಕು. ಯುರೋಪಿಯನ್ ಒಕ್ಕೂಟ 2025ರ ಜೂನ್‌ನಿಂದ ಸ್ಮಾರ್ಟ್‌ಫೋನುಗಳಿಗೆ, ಆ ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ತಂತ್ರಾಂಶ ಪರಿಷ್ಕರಣೆ ಒದಗಿಸುವ ಹೊಣೆಯನ್ನು ವಿಧಿಸಿದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಮ್ಮ ಇ-ತ್ಯಾಜ್ಯ ನಿಯಮಗಳು ತಯಾರಕರ ಹೊಣೆಯನ್ನು ಹೇಳುತ್ತವೆ. ಆದರೆ ಯಂತ್ರಗಳನ್ನು ಅಕಾಲದಲ್ಲಿ ತ್ಯಾಜ್ಯವಾಗಿಸುವ ತಂತ್ರಾಂಶ ಸಂಸ್ಥೆಯನ್ನೂ ಆ ಹೊಣೆಯೊಳಗೆ ತರಬೇಕಿದೆ.

ಮೂರನೆಯದಾಗಿ, ಮುಕ್ತ ತಂತ್ರಾಂಶವನ್ನು ನಾವು ಗಂಭೀರವಾಗಿ ಪರಿಗಣಿಸಬೇಕು. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಬಹಳ ವರ್ಷಗಳಿಂದ ಲಿನಕ್ಸ್ ಆಧಾರಿತ ವ್ಯವಸ್ಥೆಯನ್ನು ಬಳಸುತ್ತಿವೆ. ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯ ಸುಮಾರು 30,000 ಸರ್ಕಾರಿ ಯಂತ್ರಗಳನ್ನು ಇದೇ ದಾರಿಗೆ ತರಲು 2024ರಲ್ಲಿ ನಿರ್ಧರಿಸಿತು. ಇದರಲ್ಲೂ ತರಬೇತಿಯ ವೆಚ್ಚವಿದೆ, ಆರಂಭದ ಗೊಂದಲಗಳಿವೆ. ಆದರೆ ಆ ವೆಚ್ಚ ನಮ್ಮ ಜನರ ಕೌಶಲವಾಗಿ ಇಲ್ಲೇ ಉಳಿಯುತ್ತದೆ.

ಕಾರ್ಯಾಚರಣಾ ವ್ಯವಸ್ಥೆಗಳು ಬದಲಾಗುತ್ತಲೇ ಇರುತ್ತವೆ. ಎಕ್ಸ್‌ಪಿ 2014ರಲ್ಲಿ, ವಿಂಡೋಸ್ 7 2020ರಲ್ಲಿ ಹೀಗೆಯೇ ನಿರ್ಗಮಿಸಿದವು. ಪ್ರತಿ ಬಾರಿಯೂ ಗಡುವು ವರ್ಷಗಳ ಮೊದಲೇ ಗೊತ್ತಿತ್ತು. ಮುಂದಿನ ಗಡುವು ಬರುವುದರೊಳಗೆ ನಮ್ಮ ಕಡತಗಳನ್ನಾದರೂ ನಮ್ಮವಾಗಿಸಿಕೊಂಡರೆ, ಯಂತ್ರವನ್ನು ಎಂದು ಬದಲಾಯಿಸಬೇಕೆಂಬ ತೀರ್ಮಾನ ಅರ್ಧದಷ್ಟಾದರೂ ನಮ್ಮ ಕೈಗೆ ಬಂದೀತು.