ಸವೆದ ಕತ್ತಿಗೆ ಬೆಲೆ ಯಾಕಿಲ್ಲ?

ನಿಮ್ಮ ಅಜ್ಜ ಮಡಚುವ ಕತ್ತಿ ಹಿಡಿದು ತಮ್ಮ ಗಡ್ಡ ತಾವೇ ಹೆರೆದುಕೊಂಡವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪುಣೆ, ಮುಂಬಯಿ, ಹೈದರಾಬಾದುಗಳಲ್ಲಿ ದುಡಿಯುವ ನಮ್ಮ ಹುಡುಗರಲ್ಲಿ ಕೆಲವರಿಗೆ ಈಗ ಹಳೆಯ ಕ್ಷೌರದ ಕತ್ತಿಗಳ ಹುಚ್ಚು ಹಿಡಿದಿದೆ. ಹುಚ್ಚಿಗೆ ನನ್ನ ತಕರಾರಿಲ್ಲ, ನನಗೂ ಅದೇ ಹುಚ್ಚು. ತಕರಾರಿರುವುದು ಅದರ ಜೊತೆ ಹಬ್ಬುತ್ತಿರುವ ಸುಳ್ಳಿನ ಬಗ್ಗೆ. ಇದು ನಮ್ಮ ಹಿರಿಯರ ಪದ್ಧತಿಯಂತೆ, ರಾಜಠೀವಿಯ ಪರಂಪರೆಯಂತೆ, ಅಜ್ಜಂದಿರೆಲ್ಲ ಹೀಗೇ ಮಾಡಿಕೊಳ್ಳುತ್ತಿದ್ದರಂತೆ. ನಿಮ್ಮ ಅಜ್ಜಂದಿರು ಕಟ್ಟೆಯ ಮೇಲೆ ಕೂತು ಮುಖ ಒಡ್ಡುತ್ತಿದ್ದರು, ಅಷ್ಟೆ. ಕತ್ತಿ ಹಿಡಿಯುತ್ತಿದ್ದ ಕೈ ನನ್ನ ಅಜ್ಜನದು.

ನಾನು ಹಾವೇರಿ ಜಿಲ್ಲೆಯ ಒಂದು ಹಡಪದ ಮನೆತನದವನು. ಹಡಪ ಎಂದರೆ ಎಲೆಅಡಿಕೆಯ ಚೀಲ. ಬಸವಣ್ಣನವರ ಒಡನಾಡಿ ಹಡಪದ ಅಪ್ಪಣ್ಣನವರ ಹೆಸರು ಎಲ್ಲರಿಗೂ ಗೊತ್ತು. ಕ್ಷೌರದ ಸಾಮಾನು ತುಂಬಿಕೊಂಡು ಮನೆಮನೆಗೆ ಹೋಗುವ ಚೀಲಕ್ಕೂ ಅದೇ ಹೆಸರು. ಅಪ್ಪ ಆ ಚೀಲ ಬಿಟ್ಟು ಶಾಲೆಯೊಂದರಲ್ಲಿ ಜವಾನರಾದರು. ನಾನು ಪುಣೆಯಲ್ಲಿ ಕೋಡ್ ಬರೆಯುತ್ತೇನೆ. ಮತ್ತು 9 ವರ್ಷಗಳಿಂದ ಪ್ರತಿ ಬೆಳಿಗ್ಗೆ ಕತ್ತಿಯಿಂದಲೇ ಗಡ್ಡ ಹೆರೆದುಕೊಳ್ಳುತ್ತೇನೆ.

ಈ ಸುಖವನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲು ಎರಡು ನಿಮಿಷ ಮುಖದ ಮೇಲಿದ್ದರೆ ಕೂದಲು ಮೆತ್ತಗಾಗುತ್ತದೆ. ಸೋಪಿನ ನೊರೆ ಗಟ್ಟಿ ಮೊಸರಿನ ಹಾಗೆ ಆಗುವವರೆಗೆ ಬ್ರಷ್ಷನ್ನು ತಿರುಗಿಸುತ್ತಲೇ ಇರಬೇಕು, ಅವಸರ ಮಾಡಿದರೆ ಬರೀ ಗುಳ್ಳೆ. ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ, ಬೆನ್ನು ಮುಂದು ಅಂಚು ಹಿಂದು ಮಾಡಿ, 40-50 ಸಲ ಎಳೆಯಬೇಕು. ಪ್ರತಿ ಸಲ ಹೊರಳಿಸುವುದು ಬೆನ್ನಿನ ಮೇಲೆ. ಅಂಚಿನ ಮೇಲೆ ಹೊರಳಿಸಿದಿರೋ ಪಟ್ಟಿಯೂ ಹೋಯಿತು, ಕತ್ತಿಯೂ ಹೋಯಿತು. ಆಮೇಲೆ ಕೆನ್ನೆಯ ಚರ್ಮ ಬಿಗಿಹಿಡಿದು, ಸುಮಾರು 30 ಡಿಗ್ರಿ ಓರೆಯಲ್ಲಿ ಅಲಗನ್ನು ಇಳಿಸಿದರೆ ಕೂದಲು ಕತ್ತರಿಸುವ ಸದ್ದು ಕಿವಿಗೇ ಕೇಳುತ್ತದೆ. ಎರಡೂ ಮೈ ಒಳಕ್ಕೆ ಬಾಗಿಸಿ ಸಾಣೆ ಹಿಡಿದ ತೆಳ್ಳನೆಯ ಅಲಗಾದರೆ ಸಣ್ಣಗೆ ಹಾಡಿದ ಹಾಗೆ. ಆ 20 ನಿಮಿಷ ಫೋನು ಮುಟ್ಟುವಂತಿಲ್ಲ, ಬೇರೇನನ್ನೂ ಯೋಚಿಸುವಂತಿಲ್ಲ. ಅಜ್ಜ ನನಗೆ ಹೇಳಿಕೊಟ್ಟ ಪಾಠ ಒಂದೇ: "ತಮ್ಮಾ, ಒತ್ತಬ್ಯಾಡ. ಕತ್ತಿ ಭಾರ ಕತ್ತಿಗೆ ಸಾಕು." (ಮುಂಬಯಿ, ಚೆನ್ನೈನವರಿಗೆ ನಾನು ಸೇರಿಸುವ ಮಾತು: ಹಳೆಯ ಕತ್ತಿ ಕಾರ್ಬನ್ ಉಕ್ಕಿನದು. ಒರೆಸಿ, ಒಣಗಿಸಿ, ಎಣ್ಣೆ ಸವರಿ ಇಡಿ; ಬಾತ್‌ರೂಮಿನಲ್ಲಂತೂ ಇಡಲೇಬೇಡಿ. ಮಳೆಗಾಲದ ಒಂದು ರಾತ್ರಿ ಸಾಕು ತುಕ್ಕು ಹಿಡಿಯಲು.)

ಈಗ ಈ ಹವ್ಯಾಸಿಗಳ ಭಾಷೆ ಕೇಳಿ. ಹಳೆಯ ಸೋಲಿಂಗೆನ್ ಅಥವಾ ಶೆಫೀಲ್ಡ್ ಕತ್ತಿ ಮಾರಾಟಕ್ಕೆ ಬಂದರೆ ಅವರ ಮೊದಲ ಪ್ರಶ್ನೆ, 'ಹೋನ್ ವೇರ್ ಎಷ್ಟಿದೆ?' ಅಂದರೆ ಸಾಣೆಕಲ್ಲಿನ ಮೇಲೆ ಎಷ್ಟು ಸವೆದಿದೆ ಎಂದು. ಈ ಕತ್ತಿಯನ್ನು ಕಲ್ಲಿನ ಮೇಲೆ ಮಲಗಿಸಿಯೇ ಮಸೆಯುತ್ತಾರೆ, ಆದ್ದರಿಂದ ಅಂಚಿನ ಜೊತೆಗೆ ಬೆನ್ನೂ ಸವೆಯುತ್ತದೆ. ಎರಡೂ ಒಟ್ಟಿಗೆ ಸವೆಯುವುದರಿಂದಲೇ ಹರಿತದ ಕೋನ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಸವೆದ ಬೆನ್ನು ಎಂದರೆ ಕತ್ತಿ ದುಡಿದಿದೆ ಎಂದರ್ಥ. ಸಂಗ್ರಹಕಾರರ ಪಟ್ಟಿಯಲ್ಲಿ ಅದು ದೋಷ. ಬೆಲೆ ಸಿಗುವುದು ಪೆಟ್ಟಿಗೆಯಿಂದ ಹೊರಬಾರದ, ಯಾರ ಕೆನ್ನೆಯನ್ನೂ ಮುಟ್ಟದ ಕತ್ತಿಗೆ. ಒಂದು ಭಾನುವಾರದ ಕೂಟಕ್ಕೆ ನಾನು ಅಜ್ಜನ ಕತ್ತಿ ತೆಗೆದುಕೊಂಡು ಹೋಗಿದ್ದೆ. ಇಂಚಿನ ಎಂಟರಲ್ಲಿ ಐದು ಭಾಗ ಅಗಲವಿದ್ದ ಅಲಗು ಈಗ ಅದರ ಅರ್ಧಕ್ಕೆ ಬಂದಿದೆ. ನಮ್ಮವರೇ ಒಬ್ಬರು, ಕನ್ನಡದವರು, ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಮುಗಿದಿದೆ ಸಾರ್, 200 ರೂಪಾಯಿಯೂ ಹುಟ್ಟೋದಿಲ್ಲ" ಎಂದರು. ಆಮೇಲೆ ತಮ್ಮ ಹೊಸ ಕತ್ತಿ ತೋರಿಸಿ ಪರಂಪರೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ನಾಲ್ಕು ದಶಕ ಒಂದು ಊರಿನ ಮುಖಗಳನ್ನೆಲ್ಲ ಹೆರೆದ ಕತ್ತಿ ಪರಂಪರೆಯಲ್ಲವಾದರೆ ಆ ಶಬ್ದಕ್ಕೆ ಏನು ಅರ್ಥ?

ಪರಂಪರೆಯೇ ಬೇಕಿದ್ದರೆ ಪೂರ್ತಿ ತೆಗೆದುಕೊಳ್ಳಿ. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಕ್ಷೌರದವನೂ ಒಬ್ಬ. ಸಂಬಳ ಇಲ್ಲ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ಮೊರದಲ್ಲಿ ಆಯ. ಮಳೆ ಕೈಕೊಟ್ಟ ವರ್ಷ ಗಡ್ಡ ಬೆಳೆಯುವುದೇನೂ ನಿಲ್ಲುವುದಿಲ್ಲ, ಆಯ ಮಾತ್ರ ನಿಲ್ಲುತ್ತದೆ. ಅಜ್ಜ ದೊಡ್ಡ ಮನೆಗಳ ಹಿತ್ತಲಿಗೆ ಹೋಗುತ್ತಿದ್ದರು, ಪಡಸಾಲೆಗಲ್ಲ. ಗಲ್ಲ, ಕುತ್ತಿಗೆ, ಕಂಕುಳು ಎಲ್ಲ ಮುಟ್ಟಿಸಿಕೊಂಡ ಯಜಮಾನ ಎದ್ದು ಸ್ನಾನ ಮಾಡಿದ ಮೇಲೆಯೇ ಒಳಗೆ ಹೋಗಬೇಕು. ಅಷ್ಟು ಹತ್ತಿರದಿಂದ ಮುಟ್ಟುವವನನ್ನು ಅಷ್ಟು ದೂರ ಇಟ್ಟ ಪದ್ಧತಿ ಅದು. ನೀವು ಅದಕ್ಕೆ 'ರಾಜಠೀವಿ' ಎನ್ನುತ್ತೀರಿ.

ಈ ಕತ್ತಿ ಕನ್ನಡಕ್ಕೆ ಎರಡು ಬೈಗುಳಗಳನ್ನೂ ಕೊಟ್ಟಿದೆ. ಒಂದು, ನಮ್ಮ ಕಸುಬಿನ ಹೆಸರೇ: ಹಜಾಮ. ಇನ್ನೊಂದು ಬೋಳಿಮಗ, ಬೋಳಿ ಎಂದರೆ ತಲೆ ಬೋಳಿಸಿದ ವಿಧವೆ. ಟ್ರಾಫಿಕ್ಕಿನಲ್ಲಿ ಯಾರಾದರೂ ಅಡ್ಡ ಬಂದರೆ ನಮ್ಮ ಬಾಯಲ್ಲಿ ಮೊದಲು ಬರುವುದು ಇವೇ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದವರಿಗೆ, 'ಘಟಶ್ರಾದ್ಧ' ಸಿನಿಮಾದ ಕೊನೆಯಲ್ಲಿ ಯಮುನಕ್ಕನ ತಲೆ ನೋಡಿದವರಿಗೆ ಕ್ಷೌರದ ಕತ್ತಿ ಇನ್ನೇನೇನು ಮಾಡಿದೆ ಎಂದು ನಾನು ವಿವರಿಸಬೇಕಿಲ್ಲ. ಆದರೆ ಮುಂಬಯಿ ಕನ್ನಡಿಗರು ತಿಳಿದಿರಬೇಕಾದ ಒಂದು ಸಂಗತಿ ಇದೆ. 1890ರಲ್ಲಿ ನಿಮ್ಮದೇ ಶಹರದ ಕ್ಷೌರಿಕರು, ವಿಧವೆಯರ ತಲೆ ಇನ್ನು ಮುಂದೆ ಬೋಳಿಸುವುದಿಲ್ಲ ಎಂದು ಒಟ್ಟಾಗಿ ಕತ್ತಿ ಕೆಳಗಿಟ್ಟರು. ಫುಲೆಯವರ ಸಂಗಾತಿ, ಕಾರ್ಮಿಕ ಮುಖಂಡ ನಾರಾಯಣ ಮೇಘಾಜಿ ಲೋಖಂಡೆ ಅದರ ಹಿಂದಿದ್ದರು. ಸುಧಾರಣೆಯ ಭಾಷಣ ಮಾಡುವವರು ಬೇಕಾದಷ್ಟಿದ್ದರು. ಅನ್ನ ಕೊಡುವ ಕೆಲಸವನ್ನೇ ನಿರಾಕರಿಸಿದವರು ಇವರು. ಕತ್ತಿಯ ಬಗ್ಗೆ ಹೆಮ್ಮೆ ಪಡಲು ಒಂದು ಕಾರಣ ಬೇಕಿದ್ದರೆ ಇದನ್ನು ಇಟ್ಟುಕೊಳ್ಳಿ. ಇಷ್ಟು ವರ್ಷದಲ್ಲಿ ಯಾವ ಕೂಟದಲ್ಲೂ ಇದರ ಪ್ರಸ್ತಾಪ ನಾನು ಕೇಳಿಲ್ಲ.

'ಒಂದು ಹವ್ಯಾಸಕ್ಕೆ ಜಾತಿ ಯಾಕೆ ತರುತ್ತೀರಿ?' ಎಂದು ಕೇಳುತ್ತಾರೆ. ಇತಿಹಾಸವನ್ನು ಎಳೆದು ತಂದವರು ನೀವು. ನುಣುಪಾದ ಕೆನ್ನೆಗಾಗಿ ಹೆರೆದುಕೊಳ್ಳುತ್ತೇನೆ ಎಂದಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ. ಯುರೋಪಿನಲ್ಲಿ ಗಂಡಸರು ಇದೇ ಕತ್ತಿಯಿಂದ ತಾವೇ ಹೆರೆದುಕೊಳ್ಳುತ್ತಿದ್ದರು ನಿಜ. ವಾರದ ಏಳು ದಿನಕ್ಕೆ ಏಳು ಕತ್ತಿಗಳ ಪೆಟ್ಟಿಗೆಗಳೂ ಅಲ್ಲಿದ್ದವು. ಅದು ಅವರ ಕಥೆ. ಅಲ್ಲಿಯೂ ಶೆಫೀಲ್ಡಿನ ಸಾಣೆಗಾರರು ಕಲ್ಲಿನ ಧೂಳು ಕುಡಿದು ಎದೆರೋಗದಿಂದ ಎಳೆ ವಯಸ್ಸಿನಲ್ಲೇ ಸತ್ತರು. ಹೊಳೆಯುವ ಅಲಗಿನ ಬೆಲೆಯನ್ನು ಅಲ್ಲಿಯೂ ಬೇರೆ ಯಾರೋ ಕೊಟ್ಟಿದ್ದಾರೆ.

ಇನ್ನು ಸೇಫ್ಟಿ ರೇಜರ್. 1904ರಲ್ಲಿ ಜಿಲೆಟ್ ಎಂಬ ಅಮೆರಿಕನ್ನನಿಗೆ ಪೇಟೆಂಟ್ ಸಿಕ್ಕಿತು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸಿಪಾಯಿಗಳಿಗೆ ಅದನ್ನು ಲಕ್ಷಗಟ್ಟಲೆ ಹಂಚಿದರು, ನಿಧಾನವಾಗಿ ನಮ್ಮೂರ ಅಂಗಡಿಗೂ ಬಂತು. ಕತ್ತಿಪ್ರಿಯರು ಇದನ್ನು ಕಲೆಯ ಅವನತಿ ಎಂದು ಕೊರಗುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಕೊರಗಲಿಲ್ಲ. ಯಜಮಾನರು ತಮ್ಮ ಗಡ್ಡ ತಾವೇ ನೋಡಿಕೊಳ್ಳತೊಡಗಿದ್ದರಿಂದ ಅಜ್ಜನ ಆಯ ಕಡಿಮೆಯಾಯಿತು, ಸಂಕಟವೂ ಆಯಿತು. ಆದರೆ ಮಗನನ್ನು ಹಿತ್ತಲಿಗೆ ಕಳಿಸುವ ಬದಲು ಶಾಲೆಗೆ ಕಳಿಸಲು ಒಂದು ನೆಪವೂ ಸಿಕ್ಕಿತು. ನೀವು ಕಳೆದುಹೋಯಿತು ಎನ್ನುವುದರಲ್ಲಿ ನಾವು ಕಳಚಿಕೊಂಡದ್ದೂ ಇದೆ.

ನಮ್ಮ ಕಡೆಯದೆಲ್ಲ ಶುದ್ಧ ಎಂದು ನಾನು ಹೇಳುತ್ತಿಲ್ಲ. ದಲಿತರಿಗೆ ಕ್ಷೌರ ಮಾಡುವುದಿಲ್ಲ ಎನ್ನುವ ಅಂಗಡಿಗಳ ಸುದ್ದಿ ಕರ್ನಾಟಕದ ಹಳ್ಳಿಗಳಿಂದ ಇವತ್ತಿಗೂ ಬರುತ್ತಲೇ ಇದೆ. ಅವಮಾನ ಉಂಡವರೇ ಅದನ್ನು ಬಡಿಸುವುದು ನಾಚಿಕೆಗೇಡು. 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಿಂದ ಇದಕ್ಕೆ ಉಲ್ಟಾ ಸುದ್ದಿ ಬಂತು: ದಲಿತರಿಗೂ ಕ್ಷೌರ ಮಾಡಿದ್ದಕ್ಕೆ ತನಗೆ ದಂಡ, ಬಹಿಷ್ಕಾರ ಹಾಕಿದ್ದಾರೆಂದು ಅಲ್ಲಿಯ ಕ್ಷೌರಿಕರೊಬ್ಬರು ದೂರಿದರು. ಕತ್ತಿ ಯಾರ ಕೆನ್ನೆ ಮುಟ್ಟಬೇಕೆಂಬುದನ್ನು ಕತ್ತಿ ಹಿಡಿದವನು ಎಂದೂ ಒಬ್ಬನೇ ತೀರ್ಮಾನಿಸಿಲ್ಲ. ಅತ್ತ ನಗರಗಳಲ್ಲಿ, ಏಸಿ ಬಂದು ಬಿಲ್ ಸಾವಿರ ದಾಟಿದ ಮೇಲೆ ಸಲೂನ್ ನಡೆಸುವುದು ಯಾವ ಜಾತಿಯವರಿಗೂ ಮೈಲಿಗೆಯಾಗಿ ಉಳಿದಿಲ್ಲ. ಕತ್ತರಿ ಹಿಡಿದು ದಿನವಿಡೀ ನಿಲ್ಲುವವರು ಮಾತ್ರ ಹೆಚ್ಚಾಗಿ ಅದೇ ಜನ.

ನನ್ನ ಬೇಡಿಕೆ ದೊಡ್ಡದಲ್ಲ. ಕತ್ತಿ ಕೊಳ್ಳಿ, ಹೆರೆದುಕೊಳ್ಳಿ, ಸುಖಪಡಿ. ರಾಜರನ್ನು, ಅಜ್ಜಂದಿರನ್ನು ಬಿಟ್ಟುಬಿಡಿ. ವಿದೇಶಿಯರ ವೀಡಿಯೊ ನೋಡಿ ಮಸೆಯುವುದನ್ನು ಕಲಿಯುತ್ತಿದ್ದೀರಲ್ಲ, ಅದರ ಬದಲು ನಿಮ್ಮ ಬೀದಿಯ ಹಳೆಯ ಕ್ಷೌರಿಕರನ್ನು ಕೇಳಿ. ಏಡ್ಸ್ ಭಯ ಬಂದ ಮೇಲೆ ಅವರೆಲ್ಲ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಗೆ ಹೋದರು, ಒಳ್ಳೆಯದೇ ಆಯಿತು. ಆದರೆ 60 ದಾಟಿದವರ ಕೈಗೆ ಸಾಣೆಕಲ್ಲು ಇನ್ನೂ ಮರೆತಿಲ್ಲ. ಸಲಹೆ ಬೇಕೆಂದು ಚಹಾ ಕುಡಿಸಿ ಪುಕ್ಕಟೆ ಕೇಳಬೇಡಿ. ಮಕ್ಕಳ ಗಿಟಾರ್ ಮೇಷ್ಟ್ರಿಗೆ ತಾಸಿಗೆ ಎಷ್ಟು ಕೊಡುತ್ತೀರೋ ಅಷ್ಟು ಕೊಡಿ, ಮನೆಗೆ ಕರೆದು ಪಡಸಾಲೆಯಲ್ಲಿ ಕೂರಿಸಿ ಕಲಿಯಿರಿ.