ಆಕಾಶದ ಲೆಡ್ಜರು

ಮಕ್ಕಳೇ, ಹೋದ ಭಾನುವಾರ ಬಸವೇಶ್ವರನಗರದ ನಮ್ಮ ಮನೆಗೆ ಫ್ರಿಜ್ ರಿಪೇರಿಯವರು ಬಂದಿದ್ದರು. ಐದನೇ ತರಗತಿ ಓದುವ ನನ್ನ ಮೊಮ್ಮಗಳು ಅವರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದು ಸ್ಕ್ರೂ ಎಣಿಸುತ್ತಿದ್ದಳು. ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ ಕೇಳಿದಳು:

"ತಾತ, ಫ್ರಿಜ್ ಗ್ಯಾಸ್‌ನಿಂದ ಓಝೋನ್ ಹಾಳಾಗುತ್ತೆ ಅಂತ ಮಿಸ್ ಹೇಳಿದ್ರು. ಆ ಗ್ಯಾಸ್ ಗಾಳಿಗಿಂತ ಭಾರ ಅಂತಾನೂ ಅವರೇ ಹೇಳಿದ್ರು. ಭಾರ ಇದ್ದರೆ ಕೆಳಗೇ ಇರಬೇಕಲ್ವಾ? ಅಷ್ಟು ಮೇಲೆ ಹೇಗೆ ಹೋಗುತ್ತೆ?"

ರಿಪೇರಿಯವರು ನಕ್ಕು, "ಈಗಿನ ಫ್ರಿಜ್‌ಗಳಿಗೆ ಆ ಗ್ಯಾಸ್ ಹಾಕಲ್ಲ ಪಾಪು" ಎಂದರು. ನಾನು ನಗಲಿಲ್ಲ. ನನಗೆ 1985ರ ಬೇಸಿಗೆ ನೆನಪಾಗಿತ್ತು.

ಆಗ ನಾವು ರಾಜಾಜಿನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಬ್ಯಾಂಕಿನಲ್ಲಿ ಸ್ಟಾಫ್ ಲೋನ್ ತೆಗೆದು ಫ್ರಿಜ್ ಕೊಂಡಿದ್ದೆ. ವಠಾರದ ಮಕ್ಕಳೆಲ್ಲ ಲೋಟ ಹಿಡಿದು ಐಸ್‌ಗೆ ಬರುತ್ತಿದ್ದರು. ಎರಡೇ ವರ್ಷಕ್ಕೆ ಅದು ತಣ್ಣಗಾಗುವುದನ್ನು ಬಿಟ್ಟಿತು. ಬಂದ ಮೆಕ್ಯಾನಿಕ್ ಹೊಸ ಗ್ಯಾಸ್ ತುಂಬಿ ದುಡ್ಡು ತೆಗೆದುಕೊಂಡು ಹೋದ. ತಿಂಗಳಲ್ಲಿ ಅದೂ ಸೋರಿಹೋಯಿತು. ಮತ್ತೆ ಬಂದು, ಉಳಿದಿದ್ದನ್ನು ಹಿತ್ತಲಿನಲ್ಲಿ 'ಬುಸ್' ಎಂದು ಬಿಟ್ಟು, ಇನ್ನೊಮ್ಮೆ ತುಂಬಿದ. "ರೀ, ಎರಡೆರಡು ಸಲ ದುಡ್ಡು ಕೊಟ್ಟಿರಲ್ಲ" ಎಂದು ನಮ್ಮ ಮನೆಯಾಕೆ ಬೇಸರಪಟ್ಟಳು. ಹೋಗಿದ್ದು ದುಡ್ಡು ಮಾತ್ರ ಎಂದು ನಾವಿಬ್ಬರೂ ತಿಳಿದಿದ್ದೆವು.

ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. ಆ ಗ್ಯಾಸಿನ ಹೆಸರು ಸಿಎಫ್‌ಸಿ. ಅದರ ಒಂದು ಅಣು ಗಾಳಿಯ ಅಣುವಿನ ನಾಲ್ಕರಷ್ಟು ಭಾರ. ಆದರೂ ಅದು ನೆಲಕ್ಕೆ ಅಂಟಿಕೊಂಡು ಕೂರುವುದಿಲ್ಲ. ಗಾಳಿ ಸದಾ ಕಲಕುತ್ತಲೇ ಇರುತ್ತದೆ. ಮಜ್ಜಿಗೆ ಕಡೆಯುವಾಗ ತಳದಲ್ಲಿದ್ದ ಉಪ್ಪು ಮೇಲಕ್ಕೆ ಬರುವುದಿಲ್ಲವೇ, ಹಾಗೆ. ಒಂದೆರಡು ವರ್ಷದಲ್ಲಿ ರಾಜಾಜಿನಗರದ ಹಿತ್ತಲಿನ ಗ್ಯಾಸು ಭೂಮಿಯ ಸುತ್ತಲೂ ಹರಡಿರುತ್ತದೆ.

ಅಲ್ಲಿಂದ ಮೇಲೆ ಹೋಗುವ ದಾರಿ ಮಾತ್ರ ಬಲು ನಿಧಾನ. ನಮ್ಮ ತಲೆಯ ಮೇಲೆ ಸುಮಾರು 16–17 ಕಿಲೋಮೀಟರ್ ಎತ್ತರದಲ್ಲಿ ಮೋಡ ಮಳೆಗಳ ಪದರ ಮುಗಿದು, ಓಝೋನ್ ಇರುವ ಪದರ ಶುರುವಾಗುತ್ತದೆ. ಹೆಚ್ಚು ಕಡಿಮೆ ಮೆಜೆಸ್ಟಿಕ್‌ನಿಂದ ಕೆಂಗೇರಿಗೆ ಹೋದಷ್ಟು ದೂರ. ಗಾಳಿ ಅದರೊಳಗೆ ನುಗ್ಗುವುದು ಮುಖ್ಯವಾಗಿ ನಮ್ಮಂಥ ಉಷ್ಣವಲಯದ ಬಾಗಿಲಿನಿಂದ. ಆಮೇಲೆ ದಿನಕ್ಕೆ 20–30 ಮೀಟರ್‌ನಂತೆ ಮೇಲೇರುತ್ತದೆ. ನಮ್ಮ ರಸ್ತೆಯಲ್ಲಿ ಮೂರು ಸೈಟು ದಾಟಿದಷ್ಟು! ಹಾಗೇ ಏರಿ, ಉತ್ತರ ದಕ್ಷಿಣ ಧ್ರುವಗಳ ಕಡೆ ಸರಿದು, ಅಲ್ಲಿ ಇಳಿಯುತ್ತದೆ. ಈ ಪ್ರಯಾಣಕ್ಕೆ ಕೆಲವು ವರ್ಷಗಳೇ ಬೇಕು. ಇದನ್ನು ಕಂಡುಕೊಂಡ ಬ್ರೂವರ್ ಮತ್ತು ಡಾಬ್ಸನ್ ಎಂಬ ಇಬ್ಬರು ವಿಜ್ಞಾನಿಗಳ ಹೆಸರಿನಲ್ಲೇ ಈ ಹರಿವನ್ನು ಕರೆಯುತ್ತಾರೆ. ಅವರಿಗೆ ಸುಳಿವು ಕೊಟ್ಟದ್ದೂ ಒಂದು ತಾಳೆಯಾಗದ ಲೆಕ್ಕ: ಬಿಸಿಲು ಜಾಸ್ತಿ ಇರುವ ನಮ್ಮ ಮೇಲೆ ಓಝೋನ್ ಹೆಚ್ಚು ತಯಾರಾಗುತ್ತದೆ, ಆದರೆ ಹೆಚ್ಚು ತುಂಬಿರುವುದು ದೂರದ ತಣ್ಣನೆ ನಾಡುಗಳ ಮೇಲೆ. ಯಾರೋ ಸಾಗಿಸುತ್ತಿರಬೇಕಲ್ಲ!

ಬಹಳ ಎತ್ತರಕ್ಕೆ ಹೋದ ಸಿಎಫ್‌ಸಿಯನ್ನು ಸೂರ್ಯನ ಅತಿನೇರಳೆ ಕಿರಣ ಒಡೆಯುತ್ತದೆ. ಅದರಿಂದ ಹೊರಬಂದ ಒಂದು ಕ್ಲೋರಿನ್ ಪರಮಾಣು ಸಾವಿರಾರು ಓಝೋನ್ ಅಣುಗಳನ್ನು ಮುರಿಯುತ್ತದೆ. 1974ರಲ್ಲಿ ಇದನ್ನು ಹೇಳಿದ ಮೊಲೀನಾ ಮತ್ತು ರೋಲೆಂಡ್ ಅವರಿಗೆ, ಕ್ರೂಟ್ಸೆನ್ ಅವರ ಜೊತೆ, 1995ರಲ್ಲಿ ನೊಬೆಲ್ ಬಂತು.

ಇಲ್ಲಿ ನಮ್ಮ ಊರಿಗೆ ಸೇರಿದ ಒಬ್ಬರ ಕಥೆ ಹೇಳಲೇಬೇಕು. ವೀರಭದ್ರನ್ ರಾಮನಾಥನ್ ಎಂಬ ಹುಡುಗ ಹನ್ನೊಂದನೇ ವಯಸ್ಸಿಗೆ ಮನೆಯವರ ಜೊತೆ ಬೆಂಗಳೂರಿಗೆ ಬಂದ. ಅಲ್ಲಿಯವರೆಗೆ ತಮಿಳಿನಲ್ಲಿ ಓದಿದವನಿಗೆ ಇಲ್ಲಿನ ಇಂಗ್ಲಿಷ್ ಪಾಠ ತಲೆಗೆ ಹತ್ತಲಿಲ್ಲ. ಮೇಷ್ಟ್ರು ಹೇಳುವುದು ತಿಳಿಯದೆ, ಎಲ್ಲವನ್ನೂ ತಾನೇ ಯೋಚಿಸಿ ಬಿಡಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡ. ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಫ್ರಿಜ್ ಕಾರ್ಖಾನೆಗೆ ಸೇರಿದಾಗ ಸಿಕ್ಕ ಕೆಲಸವೇನು ಗೊತ್ತೇ? ಫ್ರಿಜ್‌ನಿಂದ ಗ್ಯಾಸು ಯಾಕೆ ಸೋರುತ್ತದೆ ಎಂದು ಪತ್ತೆ ಮಾಡುವುದು! ಆಮೇಲೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸ್ನಾತಕೋತ್ತರ ಓದು ಮುಗಿಸಿ 1970ರಲ್ಲಿ ಅಮೆರಿಕಕ್ಕೆ ಹೋದರು.

ಸಿಎಫ್‌ಸಿ ಓಝೋನಿಗೆ ಕೆಡುಕು ಎಂಬ ಸುದ್ದಿ ಬಂದಾಗ ಅವರು ಇನ್ನೊಂದು ಪ್ರಶ್ನೆ ಹಾಕಿಕೊಂಡರು: ಇದು ಭೂಮಿಯನ್ನು ಬಿಸಿಯೂ ಮಾಡುತ್ತದೆಯೇ? ಗಾಳಿಯ ಒಂದು ಮಾದರಿಯನ್ನು ಇಟ್ಟುಕೊಂಡು ಲೆಕ್ಕ ಹಾಕಿದರು. ಒಂದು ಸಿಎಫ್‌ಸಿ ಅಣು, ಹತ್ತು ಸಾವಿರಕ್ಕೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಅಣುಗಳಷ್ಟು ಬಿಸಿ ಹಿಡಿಯುತ್ತದೆ ಎಂದು ತಿಳಿಯಿತು. 1975ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದು ಅಚ್ಚಾಯಿತು. ನನ್ನ ಹಿತ್ತಲಿನ 'ಬುಸ್'ಗೆ ಹತ್ತು ವರ್ಷ ಮೊದಲೇ!

ಮಾದರಿ ಎಂದರೇನು? ಇದನ್ನು ವಿವರಿಸಲು ಬಿ.ಕಾಂ. ಓದಿದ ಈ ಗುಮಾಸ್ತನಿಗೆ ಅಧಿಕಾರವಿದೆ ಅಂದುಕೊಂಡಿದ್ದೇನೆ, ಯಾಕೆಂದರೆ ಅದು ಲೆಡ್ಜರೇ. ಆಕಾಶವನ್ನು ಸಾವಿರಾರು ಪೆಟ್ಟಿಗೆಗಳಾಗಿ ಭಾಗ ಮಾಡುತ್ತಾರೆ. ಪ್ರತಿ ಪೆಟ್ಟಿಗೆಗೆ ಒಂದು ಪುಟ. ಆರಂಭದ ಶಿಲ್ಕು ಇಷ್ಟು ಓಝೋನ್. ಬಿಸಿಲಿನಿಂದ ತಯಾರಾಗಿದ್ದು ಜಮಾ, ಮುರಿದದ್ದು ಖರ್ಚು. ಗಾಳಿ ಪಕ್ಕದ ಪೆಟ್ಟಿಗೆಗೆ ಒಯ್ದದ್ದು ಟ್ರಾನ್ಸ್‌ಫರ್: ಒಂದು ಪುಟದಲ್ಲಿ ಖರ್ಚು ಬಿದ್ದದ್ದು ಇನ್ನೊಂದರಲ್ಲಿ ಜಮಾ ಬೀಳಲೇಬೇಕು. ಕೊನೆಗೆ ಅಖೈರು ಶಿಲ್ಕು. ಕಂಪ್ಯೂಟರು ಹೀಗೆ ಕೆಲವು ನಿಮಿಷಕ್ಕೊಮ್ಮೆ ಎಲ್ಲ ಪುಟ ಬರೆದು, ಮುಂದಿನ ವರ್ಷಗಳವರೆಗೆ ಹೋಗುತ್ತದೆ. ಆಮೇಲೆ ಉಪಗ್ರಹ ಮತ್ತು ಬಲೂನುಗಳು ಅಳೆದ ಲೆಕ್ಕದ ಜೊತೆ ತಾಳೆ ನೋಡುತ್ತಾರೆ.

ತಾಳೆಯಾಗದಿದ್ದರೆ? ನಮ್ಮ ಕಾಲದಲ್ಲಿ ಜೂನ್, ಡಿಸೆಂಬರ್ ಕ್ಲೋಸಿಂಗ್ ಎಂದರೆ ರಾತ್ರಿ ಹತ್ತಾದರೂ ಮನೆಗೆ ಬಿಡುತ್ತಿರಲಿಲ್ಲ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ, ಯಾರೋ 63 ಬರೆಯುವ ಕಡೆ 36 ಬರೆದಿರಬಹುದು ಎಂದು ಮೊದಲು ಹುಡುಕುತ್ತಿದ್ದೆವು. ಸಿಗದಿದ್ದರೆ ಸಸ್ಪೆನ್ಸ್ ಅಕೌಂಟಿಗೆ ಹಾಕಿ, ಮರುದಿನ ಮತ್ತೆ ಹುಡುಕಾಟ.

ವಿಜ್ಞಾನಿಗಳಿಗೂ ಅಂಥ ರಾತ್ರಿ ಬಂತು. 1985ರ ಮೇ ತಿಂಗಳಲ್ಲಿ ಬ್ರಿಟನ್ನಿನ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು, ಅಂಟಾರ್ಕ್ಟಿಕದ ಮೇಲೆ ಪ್ರತಿ ಅಕ್ಟೋಬರಿನಲ್ಲಿ ಓಝೋನ್ ವಿಪರೀತ ಕಡಿಮೆಯಾಗುತ್ತಿದೆ ಎಂದು ಪ್ರಕಟಿಸಿದರು. ಯಾವ ಮಾದರಿಯೂ ಇದನ್ನು ಮುಂಚೆ ಹೇಳಿರಲಿಲ್ಲ. ಎಲ್ಲೋ ಒಂದು ವೋಚರ್ ಬಿಟ್ಟುಹೋಗಿತ್ತು. ಸೂಸನ್ ಸಾಲೊಮನ್ ಎಂಬ ಯುವ ವಿಜ್ಞಾನಿ ಅದನ್ನು ಪತ್ತೆ ಮಾಡಿದರು. ಅಲ್ಲಿನ ಕಡು ಚಳಿಯಲ್ಲಿ, ಆ ಎತ್ತರದಲ್ಲೂ ತೆಳು ಮೋಡ ಕಟ್ಟುತ್ತದೆ. ಸುಮ್ಮನೆ ಇದ್ದ ಕ್ಲೋರಿನ್ ಸಂಯುಕ್ತಗಳು ಆ ಮೋಡದ ಕಣಗಳ ಮೇಲೆ ಚುರುಕಾಗಿ, ವಸಂತದ ಬಿಸಿಲು ಬಿದ್ದೊಡನೆ ಓಝೋನನ್ನು ತಿನ್ನುತ್ತವೆ. 1986ರಲ್ಲಿ ಅವರು ತಂಡ ಕಟ್ಟಿಕೊಂಡು ಅಂಟಾರ್ಕ್ಟಿಕಕ್ಕೇ ಹೋಗಿ ಅಳೆದರು. ಆ ಖರ್ಚನ್ನು ಬರೆದುಕೊಂಡ ಮೇಲೆ ಲೆಡ್ಜರು ತಾಳೆಯಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಸೇರಿತು. 2010ರ ಹೊತ್ತಿಗೆ ನಮ್ಮಲ್ಲಿ ಫ್ರಿಜ್‌ಗೆ ಸಿಎಫ್‌ಸಿ ಹಾಕುವುದು ನಿಂತಿತು. ಅದೇ ವರ್ಷ ನಾನೂ ನಿವೃತ್ತನಾದೆ.

ಈಗ ನೀವೇ ಒಂದು ಮಾದರಿ ಮಾಡಿ. ಮೂರು ಬಟ್ಟಲು, 40 ಹುಣಸೆ ಬೀಜ ಸಾಕು. ಮೊದಲ ಬಟ್ಟಲು ನೆಲದ ಗಾಳಿ, ಎರಡನೆಯದು ಮೇಲಿನ ಗಾಳಿ, ಮೂರನೆಯದು ಮುಗಿದುಹೋದದ್ದು. ಪ್ರತಿ ಸುತ್ತಿನಲ್ಲಿ ಮೊದಲ ಬಟ್ಟಲಿಗೆ 8 ಬೀಜ ಹಾಕಿ. ಎರಡನೆಯದರಲ್ಲಿ ಇರುವುದರ ಕಾಲು ಭಾಗವನ್ನು ಮೂರನೆಯದಕ್ಕೆ ಹಾಕಿ. ಕೊನೆಗೆ ಮೊದಲನೆಯದರ ಅರ್ಧವನ್ನು ಎರಡನೆಯದಕ್ಕೆ ಹಾಕಿ. ಭಿನ್ನರಾಶಿ ಬಂದರೆ ಬಿಟ್ಟುಬಿಡಿ. ಐದು ಸುತ್ತಿಗೆ ಮೇಲಿನ ಬಟ್ಟಲಲ್ಲಿ 22 ಬೀಜ ಇರಬೇಕು. ಈಗ ಹೊಸ ಬೀಜ ಹಾಕುವುದನ್ನು ಪೂರ್ತಿ ನಿಲ್ಲಿಸಿ. ಆರನೇ ಸುತ್ತು ಮುಗಿದಾಗ ಎಷ್ಟು? 21! ಹತ್ತನೇ ಸುತ್ತಿಗೂ 9 ಉಳಿದಿರುತ್ತದೆ. ಮೂರೂ ಬಟ್ಟಲು ಕೂಡಿದರೆ 40 ಬರಲೇಬೇಕು. ಬರದಿದ್ದರೆ ಊಟಕ್ಕೆ ಏಳಬೇಡಿ, ಅದು ಬ್ಯಾಂಕಿನ ಕಟ್ಟಳೆ.

ನನ್ನ ಮೊಮ್ಮಗಳು 21 ಬಂದದ್ದನ್ನು ನೋಡಿ ಎರಡು ಸಲ ಎಣಿಸಿದಳು. "ಹಾಕೋದು ನಿಲ್ಲಿಸಿದ್ವಲ್ಲ ತಾತ, ಯಾಕೆ ಖಾಲಿ ಆಗ್ತಿಲ್ಲ?"

ಅವಳು ಮಲಗಿದ ಮೇಲೆ ನಾನು ನನ್ನ ಲೆಕ್ಕ ಬರೆದೆ. ಹಳೇ ಫ್ರಿಜ್‌ನ ಗ್ಯಾಸು 150 ಗ್ರಾಂ ಎಂದು ಹಿಡಿಯೋಣ. ಒಂದು ಪಾವು ಅಕ್ಕಿಯಷ್ಟೂ ತೂಕವಿಲ್ಲ. ತೂಕಕ್ಕೆ ತೂಕ ನೋಡಿದರೂ ನೂರು ವರ್ಷದಲ್ಲಿ ಅದು ಬಿಸಿ ಮಾಡುವುದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 10,000 ಪಟ್ಟು ಹೆಚ್ಚು. ಅಂದರೆ 1,500 ಕಿಲೋ ಆಯಿತು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಬರುತ್ತದೆ, ಹಾಗಾಗಿ ಇದು 650 ಲೀಟರ್ ಪೆಟ್ರೋಲಿಗೆ ಸಮ. ಲೀಟರಿಗೆ 40 ಕಿಲೋಮೀಟರ್ ಕೊಡುವ ನನ್ನ ಹಳೇ ಸ್ಕೂಟರಿನಲ್ಲಿ 26,000 ಕಿಲೋಮೀಟರ್. ನಾನು ಏಳು ವರ್ಷ ಬ್ಯಾಂಕಿಗೆ ಹೋಗಿ ಬಂದದ್ದಕ್ಕಿಂತ ಹೆಚ್ಚು! ಅದೂ ಒಂದು ಸಲ ತುಂಬಿಸಿದ ಗ್ಯಾಸಿಗೆ. ಆ ಗ್ಯಾಸಿನ ಆಯುಷ್ಯ ಸುಮಾರು ನೂರು ವರ್ಷ. ನಲವತ್ತು ವರ್ಷ ಕಳೆದರೂ ಮೂರರಲ್ಲಿ ಎರಡು ಪಾಲು ಇನ್ನೂ ಗಾಳಿಯಲ್ಲೇ ಇದೆ. ನಾನು ಹೋದ ಮೇಲೂ ನನ್ನ ಖಾತೆಯಲ್ಲಿ ಶಿಲ್ಕು ಉಳಿಯುತ್ತದೆ, ನಾಮಿನಿ ಯಾರು ಎಂದು ಹೇಳಬೇಕಾಗಿಲ್ಲ.

ಇಷ್ಟಾದರೂ ಲೆಡ್ಜರಿನ ಮುಂದಿನ ಪುಟಗಳು ಚೆನ್ನಾಗಿವೆ. ಈ ಒಪ್ಪಂದವನ್ನು ಎಲ್ಲರೂ ಪಾಲಿಸುತ್ತಾ ಹೋದರೆ ಅಂಟಾರ್ಕ್ಟಿಕದ ಮೇಲಿನ ಓಝೋನ್ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳುತ್ತದೆ, ಬೇರೆ ಹೆಚ್ಚಿನ ಕಡೆಗಳಲ್ಲಿ 2040ರ ಸುಮಾರಿಗೇ, ಎಂದು 2022ರಲ್ಲಿ ವಿಜ್ಞಾನಿಗಳು ವಿಶ್ವಸಂಸ್ಥೆಗೆ ಕೊಟ್ಟ ವರದಿ ಹೇಳಿದೆ. 2066ಕ್ಕೆ ನನ್ನ ಮೊಮ್ಮಗಳಿಗೆ ಐವತ್ತು ದಾಟಿರುತ್ತದೆ.

ಒಂದು ಮಾತು ಮನೆಯ ದೊಡ್ಡವರಿಗೆ. ಈಗಿನ ಎಷ್ಟೋ ಎ.ಸಿ.ಗಳ ಗ್ಯಾಸು ಓಝೋನನ್ನು ಮುಟ್ಟುವುದಿಲ್ಲ, ಭೂಮಿಯನ್ನು ಮಾತ್ರ ಚೆನ್ನಾಗಿಯೇ ಬಿಸಿ ಮಾಡುತ್ತದೆ. ಅದನ್ನೂ ಕಡಿಮೆ ಮಾಡುವ ಕಿಗಾಲಿ ತಿದ್ದುಪಡಿಯನ್ನು 2021ರಲ್ಲಿ ನಮ್ಮ ದೇಶ ಒಪ್ಪಿದೆ. ರಿಪೇರಿಗೆ ಬಂದವರನ್ನು, ಹಳೇ ಗ್ಯಾಸನ್ನು ಹೊರಗೆ ಬಿಡದೆ ಸಿಲಿಂಡರಿಗೆ ತುಂಬಿಕೊಳ್ಳುತ್ತೀರಾ ಎಂದು ಕೇಳಿ. ನಾನು 1985ರಲ್ಲಿ ಕೇಳಲಿಲ್ಲ. ಕೇಳಬೇಕೆಂದು ಗೊತ್ತಿರಲಿಲ್ಲ.

ಹುಣಸೆ ಬೀಜದ ಬಟ್ಟಲುಗಳು ಇನ್ನೂ ನಮ್ಮ ಊಟದ ಮೇಜಿನ ಮೇಲೇ ಇವೆ. ಮೇಲಿನ ಗಾಳಿಯ ಬಟ್ಟಲು ಖಾಲಿಯಾಗುವವರೆಗೂ ತೆಗೆಯಕೂಡದೆಂದು ಮೊಮ್ಮಗಳ ಅಪ್ಪಣೆಯಾಗಿದೆ. ದಿನಕ್ಕೊಂದು ಸುತ್ತು ಆಡುತ್ತಾಳೆ. ಈವತ್ತಿನ ಅಖೈರು ಶಿಲ್ಕು, 6.