ದೂರಪ್ರಯಾಣದ ಮೋಟಾರು ಸೈಕಲ್ಲು: ಒಡೆಯನ ಮಾತು, ಮನೆಯ ಮಾತು

ವಾಹನವನ್ನು ಕೊಳ್ಳುವವನು ಒಬ್ಬನಾದರೂ ಅದರೊಡನೆ ಬಾಳಬೇಕಾದವರು ಮನೆಯವರೆಲ್ಲರೂ. ನಮ್ಮ ಹಿರಿಯರು ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ಬೆಲೆಯ ಮಾತಿಗೆ ಕೂರುತ್ತಿದ್ದರು. ಎತ್ತು ಚೆಂದವಾಗಿದೆಯೇ ಎಂಬುದಕ್ಕಿಂತ ಅದು ತಮ್ಮ ಹೊಲಕ್ಕೆ, ತಮ್ಮ ಕೊಟ್ಟಿಗೆಗೆ ಒಗ್ಗುವುದೇ ಎಂಬುದೇ ಅವರಿಗೆ ಮುಖ್ಯವಾಗಿತ್ತು. ಇಂದು ನಮ್ಮ ಮನೆಗಳ ತರುಣರು ಮೆಚ್ಚಿ ಕೊಳ್ಳುತ್ತಿರುವ ದೂರಪ್ರಯಾಣದ ಮೋಟಾರು ಸೈಕಲ್ಲುಗಳ ವಿಷಯದಲ್ಲಿಯೂ ಅದೇ ವಿಚಾರಣೆ ಸಲ್ಲತಕ್ಕದ್ದು. "ಮಗ ದೊಡ್ಡ ಗಾಡಿ ಬೇಕೆನ್ನುತ್ತಾನೆ, ಕೊಡಿಸಬಹುದೇ?" ಎಂದು ನಮ್ಮನ್ನು ಕೇಳಿದ ತಾಯಂದಿರು ಒಬ್ಬಿಬ್ಬರಲ್ಲ. ಬೇಡವೆನ್ನುವುದು ಸುಲಭ, ತಿಳಿದು ಹೇಳುವುದು ಕಷ್ಟ. ಆದಕಾರಣ ಅಂತಹ ಒಂದು ವಾಹನವನ್ನು ಕೊಂಡು ಒಂದು ಬೇಸಿಗೆ, ಒಂದು ಮಳೆಗಾಲ ಪೂರ್ತಿಯಾಗಿ ಓಡಿಸಿದವನ ಅನುಭವವನ್ನೇ ಈ ತಿಂಗಳು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಧಾರವಾಡದ ಕಡೆಯ, ನಮಗೆ ಬಹುಕಾಲದಿಂದ ಪರಿಚಿತವಾದ ಮನೆತನದ ತರುಣನೊಬ್ಬನು ಮಣಿಪಾಲದಲ್ಲಿ ಅಧ್ಯಾಪಕನಾಗಿದ್ದಾನೆ. ಆತನು ರಾಯಲ್ ಎನ್‌ಫೀಲ್ಡ್ ಕಂಪನಿಯ ಹಿಮಾಲಯನ್ 450 ಎಂಬ ವಾಹನವನ್ನು 2025ರ ಆರಂಭದಲ್ಲಿ ಕೊಂಡನು. ಮನೆಯಲ್ಲಿ ಇದಕ್ಕೆ ಪೂರ್ಣ ಒಪ್ಪಿಗೆ ಇರಲಿಲ್ಲ. ಇನ್ನಷ್ಟು ಹಣ ಸೇರಿಸಿ ಒಂದು ಚಿಕ್ಕ ಕಾರು ತಂದರೆ ಮೊಣಕಾಲು ನೋವಿನ ತಾಯಿಯನ್ನು ಆಸ್ಪತ್ರೆಗೆ, ನೆಂಟರ ಮನೆಗೆ ಕರೆದೊಯ್ಯಲು ಅನುಕೂಲವಾದೀತೆಂಬುದು ತಂದೆಯ ಅಭಿಪ್ರಾಯ. ಮಗನದು ಸ್ವಂತ ಸಂಪಾದನೆ, ಬಹುದಿನದ ಆಸೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಆದ್ದರಿಂದಲೇ ಈ ಪ್ರಕರಣವು ವಿಚಾರಕ್ಕೆ ಯೋಗ್ಯವೆಂದು ನಮಗೆ ತೋರಿತು.

ಮೊದಲು ವಾಹನದ ಸ್ವರೂಪವನ್ನು ತಿಳಿಯೋಣ. ಇದೇ ಹೆಸರಿನ ಮೊದಲ ವಾಹನವು 411 ಸಿ.ಸಿ. ಎಂಜಿನ್ನಿನೊಡನೆ 2016ರಲ್ಲಿ ಬಂದಿತ್ತು. ಅದರ ಸ್ಥಾನದಲ್ಲಿ 2023ರ ನವೆಂಬರ್ ತಿಂಗಳಿನಲ್ಲಿ ಬಂದುದೇ ಈ ಹೊಸದು. ಇದರ ಎಂಜಿನ್ನು 452 ಸಿ.ಸಿ.; ಶಕ್ತಿ ಸುಮಾರು 40 ಅಶ್ವಶಕ್ತಿ; ಗೇರುಗಳು 6. ಗಾಳಿಯಿಂದಷ್ಟೇ ತಣಿಯುತ್ತಿದ್ದ ಹಳೆಯ ಎಂಜಿನ್ನುಗಳಂತಲ್ಲದೆ ಇದನ್ನು ದ್ರವವು ಸುತ್ತಿ ಹರಿದು ತಣಿಸುತ್ತದೆ. ಮುಂದಿನ ಚಕ್ರವು 21 ಅಂಗುಲ, ಹಿಂದಿನದು 17 ಅಂಗುಲ. ಗುಂಡಿಗೆ ಬಿದ್ದರೆ ಚಕ್ರವು 200 ಮಿಲಿಮೀಟರಿನಷ್ಟು ಮೇಲೆ ಸರಿದು ಪೆಟ್ಟನ್ನು ನುಂಗುವಂತೆ ಸ್ಪ್ರಿಂಗುಗಳನ್ನು ಅಳವಡಿಸಿದ್ದಾರೆ. ಪೆಟ್ರೋಲ್ ತೊಟ್ಟಿಗೆ 17 ಲೀಟರು ಹಿಡಿಯುತ್ತದೆ. ತುಂಬಿದ ವಾಹನದ ತೂಕ 196 ಕಿಲೋ. ಆಸನದ ಎತ್ತರ 825 ಮಿಲಿಮೀಟರು. ಕೊನೆಯ ಈ ಎರಡು ಅಂಕೆಗಳನ್ನು ಓದುಗರು ನೆನಪಿನಲ್ಲಿಡಬೇಕು. ಇವುಗಳ ಮಾತು ಮುಂದೆ ಬರುತ್ತದೆ.

ತರುಣನ ತಂದೆಯವರು ಮೋಟಾರು ಸೈಕಲ್ಲನ್ನು ಅರಿಯದವರಲ್ಲ. ಸರ್ಕಾರಿ ಸೇವೆಯಲ್ಲಿದ್ದಾಗ ಯೆಜ್ಡಿಯ ಮೇಲೆ ಹಳ್ಳಿ ಹಳ್ಳಿ ತಿರುಗಿದವರು. ಅದು ನಮ್ಮ ಮೈಸೂರಿನದೇ ಕೂಸು. ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಅಲ್ಲಿ ಚೆಕೊಸ್ಲೊವಾಕಿಯಾದ ಜಾವಾ ವಾಹನಗಳನ್ನು ತಯಾರಿಸುತ್ತಿತ್ತು. 1973ರಿಂದ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕಾಗಿದ್ದ, ಒದೆಯುವ ಕಡ್ಡಿಯೇ ಗೇರಿನ ಕಡ್ಡಿಯೂ ಆಗಿದ್ದ ಆ 250 ಸಿ.ಸಿ. ವಾಹನವನ್ನು ಕಂಡ ಓದುಗರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ. ಆ ಕಾಲದಲ್ಲಿ ಒಂದೇ ವಾಹನವು ಕಚೇರಿಗೂ ಹೋಗುತ್ತಿತ್ತು, ಸಂತೆಗೂ ಹೋಗುತ್ತಿತ್ತು, ಮದುವೆಗೂ ಹೋಗುತ್ತಿತ್ತು. ಯಜಮಾನನ ಹಿಂದೆ ಗೃಹಿಣಿಯು ಒಂದೇ ಬದಿಗೆ ಕಾಲಿಳಿಸಿ ಕುಳಿತು ನಿಶ್ಚಿಂತೆಯಿಂದ ಸಾಗುತ್ತಿದ್ದಳು. ಹೊಸ ಕಾಲದ ವಾಹನಗಳಾದರೋ ಒಂದೊಂದು ಕೆಲಸಕ್ಕೆ ಒಂದೊಂದು ಎಂಬಂತೆ ಹುಟ್ಟುತ್ತಿವೆ. ತಂದೆ ಮಗನ ಭಿನ್ನಾಭಿಪ್ರಾಯದ ಮೂಲ ಇಲ್ಲಿತ್ತು. ತಂದೆಯವರು ಮೋಟಾರು ಸೈಕಲ್ಲೆಂದರೆ ಮನೆಯ ವಾಹನವೆಂದು ತಿಳಿದಿದ್ದರು. ಮಗನು ಪ್ರಯಾಣದ ವಾಹನವೆಂದು ತಿಳಿದಿದ್ದನು.

ಪ್ರಯಾಣದ ವಿಷಯದಲ್ಲಿ ಒಡೆಯನು ತೃಪ್ತನೇ. ಮಣಿಪಾಲದಿಂದ ಊರಿಗೆ ಆತನು ಕುಂದಾಪುರ, ಭಟ್ಕಳ, ಹೊನ್ನಾವರಗಳನ್ನು ದಾಟಿ, ಅಂಕೋಲೆಯಲ್ಲಿ ಒಳನಾಡಿಗೆ ತಿರುಗಿ, ಅರಬೈಲು ಘಟ್ಟವನ್ನೇರಿ, ಯಲ್ಲಾಪುರ, ಹುಬ್ಬಳ್ಳಿಗಳ ಮೇಲೆ ಹೋಗುತ್ತಾನೆ. 300 ಕಿ.ಮೀ.ಗೂ ಮಿಕ್ಕಿದ ಹಾದಿ. ಲೀಟರಿಗೆ 28ರಿಂದ 30 ಕಿ.ಮೀ. ದೊರೆಯುವುದರಿಂದ ಒಮ್ಮೆ ತುಂಬಿಸಿದರೆ ನಡುವೆ ಪೆಟ್ರೋಲಿನ ಚಿಂತೆಯಿಲ್ಲ. ನೇರವಾಗಿ ಕುಳಿತು ಓಡಿಸುವಂತಿರುವುದರಿಂದ ಬೆನ್ನು ಸೋಲುವುದಿಲ್ಲ. ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಎಂಜಿನ್ನು ತನ್ನ ಬಲದ ಅರ್ಧವನ್ನೂ ಬಳಸದೆ ಸಾಗುತ್ತದೆ. ಆದರೆ ಹಳೆಯ ಬುಲೆಟ್ಟಿನಂತೆ ಮೇಲಿನ ಗೇರಿನಲ್ಲಿಯೇ ನಿಧಾನವಾಗಿ ಎಳೆದುಕೊಂಡು ಹೋಗುವ ಸ್ವಭಾವ ಇದಕ್ಕಿಲ್ಲ. ಇದರ ಪೂರ್ಣ ಎಳೆತ ಬರುವುದು ನಿಮಿಷಕ್ಕೆ 5500 ಸುತ್ತುಗಳಲ್ಲಿ. ಆದ್ದರಿಂದ ಘಟ್ಟದ ತಿರುವಿನಲ್ಲಿ ಗೇರು ಇಳಿಸಿ ಎಂಜಿನ್ನನ್ನು ಎಚ್ಚರಿಸಬೇಕು. ಇದನ್ನು ಕಲಿಯಲು ತನಗೆ ಒಂದು ತಿಂಗಳು ಹಿಡಿಯಿತೆಂದು ಆತನು ಹೇಳಿದನು.

ಮಳೆಗಾಲ ಮುಗಿದ ಮೇಲೆ ಉಪನ್ಯಾಸವೊಂದರ ನಿಮಿತ್ತ ಉಡುಪಿಗೆ ಹೋದಾಗ ನಾವೂ ಹಿಂಬದಿಯ ಆಸನದ ಅನುಭವವನ್ನು ಪಡೆದೆವು. ಉಡುಪಿಯಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಸುಮಾರು 13 ಕಿ.ಮೀ. ಹೋದರೆ ಕಾಪು. ನಾಲ್ಕು ಪಥದ ಈ ಹಾದಿಯಲ್ಲಿ ಗಾಳಿಯ ಹೊಡೆತವೊಂದನ್ನು ಬಿಟ್ಟರೆ ನಮಗೆ ಆಯಾಸ ತೋರಲಿಲ್ಲ. ಕಾಪುವಿನಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಅದರ ಬುಡದವರೆಗೂ ಮರಳಿನಲ್ಲಿ ವಾಹನವನ್ನು ನುಗ್ಗಿಸಬೇಕೆಂಬ ಮೋಹ ತರುಣರಿಗೆ ಉಂಟಾಗುವುದು ಸಹಜ. ನಮ್ಮ ಸಾರಥಿಯು ವಾಹನವನ್ನು ರಸ್ತೆಯಂಚಿನಲ್ಲಿಯೇ ನಿಲ್ಲಿಸಿದನು. 196 ಕಿಲೋ ತೂಕವು ಸಡಿಲ ಮರಳಿನಲ್ಲಿ ಹೂತರೆ ಒಬ್ಬನಿಂದ ಎತ್ತಲಾಗದು. ಉಪ್ಪು ಮರಳು ಸರಪಳಿಗೆ ಸೇರಿದರೆ ಆಮೇಲಿನ ಖರ್ಚು ಬೇರೆ. ಜಾಹೀರಾತಿನ ಚಿತ್ರಗಳಲ್ಲಿ ಈ ಸಂಗತಿ ಕಾಣಿಸುವುದಿಲ್ಲ.

ಅಲ್ಲಿಂದ ಪಡುಬಿದ್ರಿಗೆ ಹೋಗಿ, ಪೂರ್ವಕ್ಕೆ ತಿರುಗಿ ಬೆಳ್ಮಣ್ಣಿನ ಮೇಲೆ ಕಾರ್ಕಳವನ್ನು ತಲುಪಿದೆವು. 1432ರಲ್ಲಿ ಪ್ರತಿಷ್ಠಾಪಿತವಾದ, 42 ಅಡಿ ಎತ್ತರದ ಗೊಮ್ಮಟಮೂರ್ತಿಯ ಬೆಟ್ಟವನ್ನು ಕಂಡು, ಬೈಲೂರು, ಹಿರಿಯಡ್ಕ, ಪರ್ಕಳಗಳ ಹಾದಿಯಾಗಿ ಮಣಿಪಾಲಕ್ಕೆ ಮರಳಿದೆವು. ಈ ಒಳಹಾದಿಯಲ್ಲಿ ವಾಹನದ ನಿಜಗುಣ ತಿಳಿಯಿತು. ಮಳೆಯಿಂದ ಕಿತ್ತುಹೋದ ಡಾಂಬರು, ಅಂಚಿನ ಕೆಮ್ಮಣ್ಣು, ಎದುರಾಗುವ ಬಸ್ಸುಗಳು. ಇವೆಲ್ಲದರ ನಡುವೆಯೂ ನಮ್ಮ ಬೆನ್ನಿಗೆ ಪೆಟ್ಟು ಬರಲಿಲ್ಲ. ಒಂದೆಡೆ ದನವೊಂದು ಥಟ್ಟನೆ ಅಡ್ಡ ಬಂದಿತು. ಚಕ್ರ ಜಾರಲಿಲ್ಲ, ವಾಹನ ನೇರವಾಗಿಯೇ ನಿಂತಿತು. ಬಿಗಿದ ಬ್ರೇಕು ಚಕ್ರವನ್ನು ಕಟ್ಟಿಹಾಕದಂತೆ ತಡೆಯುವ ಎ.ಬಿ.ಎಸ್. ಎಂಬ ಏರ್ಪಾಡು ಇದರ ಎರಡು ಚಕ್ರಗಳಿಗೂ ಇದೆ. 125 ಸಿ.ಸಿ. ಮೀರಿದ ಎಲ್ಲ ಹೊಸ ವಾಹನಗಳಿಗೂ 2019ರ ಏಪ್ರಿಲ್‌ನಿಂದ ಇದು ಕಡ್ಡಾಯ. ಆದರೂ ಅಂದು ನಮ್ಮನ್ನು ಕಾಪಾಡಿದುದು ಅದೊಂದೇ ಅಲ್ಲ. ಸಾರಥಿಯು 45ರ ವೇಗದಲ್ಲಿದ್ದನು. ಅದೇ ತಿರುವಿನಲ್ಲಿ 80ರ ವೇಗವಿದ್ದಿದ್ದರೆ ಯಾವ ಯಂತ್ರವೂ ಒದಗುತ್ತಿರಲಿಲ್ಲ.

ಕರಾವಳಿಯ ಮಳೆಯ ಮಾತನ್ನೂ ಹೇಳಬೇಕು. ವರ್ಷಕ್ಕೆ 4000 ಮಿ.ಮೀ. ಆಸುಪಾಸಿನ ಮಳೆ, ಉಪ್ಪು ಬೆರೆತ ಗಾಳಿ. ಕಬ್ಬಿಣಕ್ಕೆ ಇವೆರಡೂ ಶತ್ರುಗಳು. ಸುಮಾರು 500 ಕಿ.ಮೀ.ಗೊಮ್ಮೆ ಒರೆಸಿ ಎಣ್ಣೆ ಹಾಕುವ ಸರಪಳಿಗೆ ಮಳೆಗಾಲದಲ್ಲಿ ಆತನು ವಾರಕ್ಕೊಮ್ಮೆ ಉಪಚಾರ ಮಾಡುತ್ತಿದ್ದನು. ಪೇಟೆಯಲ್ಲಿ ನೀರು ಹೊಗದೆಂದು ಹೇಳಿ ಮಾರಿದ ಪಕ್ಕದ ಚೀಲವು ಮೊದಲ ಮಳೆಗೇ ಸೋರಿ, ಒಳಗಿದ್ದ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳು ತೊಯ್ದುಹೋದವು. ಅಂದಿನಿಂದ ಎಂತಹ ಚೀಲವಾದರೂ ಒಳಗೊಂದು ದಪ್ಪ ಪ್ಲಾಸ್ಟಿಕ್ ಹೊದಿಕೆ ಇರಿಸುವುದು ಆತನ ನಿಯಮವಾಯಿತು.

ಇನ್ನು ತಾಯಿಯ ಮಾತು. ಮಗನ ಸಂತೋಷಕ್ಕಾಗಿ ಆ ತಾಯಿ ಒಮ್ಮೆ ಉಡುಪಿಯಿಂದ ಕಾಪುವಿನವರೆಗೆ ಹಿಂದೆ ಕುಳಿತು ಹೋದರು. ಹಿಂಬದಿಯ ಆಸನವು ಮುಂದಿನದಕ್ಕಿಂತಲೂ ಎತ್ತರ. ಏರಲು ಮೆಟ್ಟಿಲ ಕಟ್ಟೆ ಬೇಕಾಯಿತು. ಇಳಿಯಲು ಇಬ್ಬರು ಹಿಡಿಯಬೇಕಾಯಿತು. ಮುಂದೆ ಕಾರ್ಕಳಕ್ಕೆ ಹೋಗುವ ದಿನ ಅವರು, "ನೀನು ನಿನ್ನ ಗಾಡಿಯ ಮೇಲೆ ಬಾ, ನಾನು ಬಸ್ಸಿನಲ್ಲಿ ಬರುತ್ತೇನೆ" ಎಂದು ನಗುತ್ತಲೇ ಹೇಳಿ ಬಸ್ಸು ಹತ್ತಿದರು. ಮಗನು ಅದೇ ಬಸ್ಸಿನ ಹಿಂದೆ ಕಾರ್ಕಳದವರೆಗೂ ಬಂದನು. ಈ ಸಂಗತಿಯನ್ನು ತಿಳಿಸಿದ ಮೇಲೆ ಆತನು ನಮಗೆ ಹೇಳಿದ ಮಾತು ಇಷ್ಟು: "ವಾಹನ ನನಗೆ ತುಂಬ ಒಪ್ಪಿದೆ. ಆದರೆ ಇದು ನನ್ನ ವಾಹನ, ಮನೆಯ ವಾಹನವಲ್ಲ. ಕೊಳ್ಳುವ ಮುನ್ನ ಅಪ್ಪನಿಗೆ ನಾನು ಇದನ್ನು ಬಿಚ್ಚಿ ಹೇಳಬೇಕಾಗಿತ್ತು." ಇಡೀ ವರ್ಷದ ಅನುಭವದಲ್ಲಿ ಇದಕ್ಕಿಂತ ಬೆಲೆಯುಳ್ಳ ಮಾತನ್ನು ನಾವು ಕೇಳಲಿಲ್ಲ.

ಓದುಗ ಬಂಧುಗಳೇ, ಇದರಿಂದ ಗ್ರಹಿಸಬೇಕಾದುದೇನು? ಕೊಳ್ಳುವ ಮುನ್ನ ಮನೆಯ ಹಿರಿಯರನ್ನು ಅಂಗಡಿಗೆ ಕರೆದೊಯ್ದು ಹಿಂದಿನ ಆಸನದ ಮೇಲೆ ಕೂರಿಸಿ ನೋಡಿರಿ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಮೆಟ್ಟು, ಸೀರೆ ಚಕ್ರಕ್ಕೆ ಸಿಲುಕದಂತೆ ತಡೆಯುವ ರಕ್ಷೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳೇ ವಿಧಿಸಿವೆ. ಅಂದಕ್ಕೆ ಅಡ್ಡಿಯೆಂದು ಸೀರೆಯ ರಕ್ಷೆಯನ್ನು ಬಿಚ್ಚಿಸುವ ತರುಣರುಂಟು; ಅದು ಸಲ್ಲದು. ಹಿಂಬದಿಯವರಿಗೂ ಶಿರಸ್ತ್ರಾಣವು ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಕಡ್ಡಾಯವಾಗಿದೆ. ನಾಲ್ಕು ವರ್ಷದೊಳಗಿನ ಮಗುವಿದ್ದರೆ ಅದಕ್ಕೂ ತಕ್ಕ ಶಿರಸ್ತ್ರಾಣ, ಸವಾರನಿಗೆ ಜೋಡಿಸುವ ಕಟ್ಟುಪಟ್ಟಿ, 40 ಕಿ.ಮೀ. ಮೀರದ ವೇಗ, ಇವು 2023ರಿಂದ ಜಾರಿಯಲ್ಲಿರುವ ನಿಯಮ. ಆದರೆ ಇಂತಹ ಎತ್ತರದ ವಾಹನದ ಮೇಲೆ ಎಳೆಯ ಕೂಸನ್ನು ಕೂರಿಸದಿರುವುದೇ ಲೇಸು.

ಹಣದ ಲೆಕ್ಕವೂ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ದ್ವಿಚಕ್ರ ವಾಹನಗಳ ಸರಕು ಮತ್ತು ಸೇವಾ ತೆರಿಗೆಯು ಶೇ. 28ರಿಂದ ಶೇ. 18ಕ್ಕೆ ಇಳಿದಿದೆ, ಅದನ್ನು ಮೀರಿದವುಗಳಿಗೆ ಉಪಕರ ಸೇರಿ ಶೇ. 31 ಇದ್ದುದು ಶೇ. 40ಕ್ಕೆ ಏರಿದೆ. ನಮ್ಮ ತರುಣನು ಮೊದಲೇ ಕೊಂಡಿದ್ದನು. ಇಂದು ಕೊಳ್ಳುವವನು ಈ ವ್ಯತ್ಯಾಸವನ್ನು ಅರಿತಿರಬೇಕು. ನಿತ್ಯ ಕಚೇರಿಗೆ ಹೋಗಿಬರುವುದಷ್ಟೇ ಕೆಲಸವಾದರೆ ಅಷ್ಟು ತೆರಿಗೆ ತೆತ್ತು ಇಷ್ಟು ಭಾರವನ್ನು ಹೊರಬೇಕಾದ ಅಗತ್ಯವಿಲ್ಲ.

ಹಾಗಾದರೆ ಕೊಡಿಸಬಹುದೇ? ಮಗನಿಗೆ ದೂರದ ಹಾದಿಗಳಲ್ಲಿ ನಿಜವಾದ ಪ್ರೀತಿಯಿದ್ದರೆ, ವರ್ಷದಲ್ಲಿ ಕೆಲವಾರು ಬಾರಿಯಾದರೂ ಅಂತಹ ಪ್ರಯಾಣ ಕೈಗೂಡುವುದಾದರೆ, ಕಾಲು ನೆಲಕ್ಕೆ ಊರುವಷ್ಟು ಎತ್ತರವೂ ಕೈಯಲ್ಲಿ ಸಂಯಮವೂ ಇದ್ದರೆ, ಕೊಡಿಸಬಹುದು. ಆದರೆ ಅದನ್ನು ಮನೆಯ ವಾಹನವೆಂದು ಯಾರೂ ಭಾವಿಸಬಾರದು. ಮನೆಯ ಅಗತ್ಯಕ್ಕೆ ಬೇರೆ ದಾರಿಯನ್ನು ಮೊದಲೇ ಯೋಚಿಸಿರಬೇಕು. ಆ ಧಾರವಾಡದ ಮನೆಯಲ್ಲಿ ಈಗ ಒಂದು ಒಪ್ಪಂದವಾಗಿದೆ. ತಾಯಿ ಮಣಿಪಾಲಕ್ಕೆ ಬಂದ ದಿನಗಳಲ್ಲಿ ಮಗನು ಮೋಟಾರು ಸೈಕಲ್ಲಿನ ಬೀಗದ ಕೈಯನ್ನು ಗೂಡಿನಲ್ಲಿಟ್ಟು ಆಟೋ ಕರೆಯುತ್ತಾನೆ. ಕಾರಿಗೆಂದು ಪ್ರತಿ ತಿಂಗಳೂ ಅಷ್ಟಿಷ್ಟು ಹಣವನ್ನು ಪ್ರತ್ಯೇಕವಾಗಿ ಇಡುತ್ತಿದ್ದಾನೆ. ತಂದೆಯವರು ಊರಿಗೆ ಬಂದ ಮಗನ ವಾಹನದ ಸರಪಳಿಯನ್ನು ತಾವೇ ಕುಳಿತು ಒರೆಸುತ್ತಾರೆ.